ಒಂದು ‘ಎಂ’ ಬಿಟ್ಟಿದ್ದರು: ಅಪಾರ್ ಐಡಿ ಮಾಡಿಸಿದ ನಮ್ಮ 4 ತಿಂಗಳು

2026ರ ಫೆಬ್ರವರಿ ಕೊನೆಯ ವಾರ. ರಾತ್ರಿ 11 ದಾಟಿತ್ತು. ಶಾಲೆಗಳ ಮಾಹಿತಿ ತುಂಬುವ ಯು-ಡೈಸ್ ಪ್ಲಸ್ ಪೋರ್ಟಲ್‌ನಲ್ಲಿ ನನ್ನ ಏಳನೇ ತರಗತಿಯ 40ನೇ ಮಗುವಿನ ಹೆಸರಿನ ಮುಂದೆ ಅಪಾರ್ ಐಡಿ, ಅಂದರೆ ವಿದ್ಯಾರ್ಥಿಯ ಗುರುತಿನ ಸಂಖ್ಯೆ, ಬಂತು. ತರಗತಿಯಲ್ಲಿ ಇರುವುದು 43 ಮಕ್ಕಳು. ಉಳಿದ ಮೂವರ ವಿಷಯ ಕೊನೆಗೆ ಹೇಳುತ್ತೇನೆ. ನವೆಂಬರ್‌ನಲ್ಲಿ ಶುರು ಮಾಡಿದಾಗ ಎರಡು ವಾರದ ಕೆಲಸ ಅಂದುಕೊಂಡಿದ್ದೆ, 4 ತಿಂಗಳು ಹಿಡಿಯಿತು. ಮುಂದೆ ಇದನ್ನು ಮಾಡಿಸಬೇಕಾದ ಶಿಕ್ಷಕರಿಗೂ ಪೋಷಕರಿಗೂ ನಾವು ಪಟ್ಟ ಓಡಾಟ ಸ್ವಲ್ಪವಾದರೂ ತಪ್ಪಲಿ ಅಂತ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಮಕ್ಕಳಿಗೆ ಡಿಜಿಟಲ್ ತಿಳಿವಳಿಕೆ ಅಂದರೆ ಏನು ಅಂತ ನಾನು ಇಷ್ಟು ವರ್ಷ ತಿಳಿದುಕೊಂಡಿದ್ದು ಈ 4 ತಿಂಗಳಲ್ಲಿ ಪೂರ್ತಿ ಬದಲಾಯಿತು.

ನಮ್ಮದು ಯಾದಗಿರಿ ಜಿಲ್ಲೆಯಲ್ಲಿ ಭೀಮಾ ದಂಡೆಯ ಒಂದು ಹಳ್ಳಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹತ್ತಿ, ತೊಗರಿ, ಭತ್ತ ಬೆಳೆಯುವ ಊರು. ಕೆಲಸ ಮುಗಿದ ಮೇಲೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ, ಬೆಂಗಳೂರು, ಪುಣೆ ಕಡೆ ಗುಳೆ ಹೋಗುತ್ತಾರೆ. ಅಜ್ಜಿ ಮತ್ತು ಮಕ್ಕಳು ಊರಲ್ಲಿ ಉಳಿಯುತ್ತಾರೆ.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ನನಗೆ ತಂತ್ರಜ್ಞಾನದ ಮೇಲೆ ಸಿಟ್ಟಿತ್ತು. ಆಗಸ್ಟ್‌ನಲ್ಲಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡುವ ವಿದ್ಯಾಗಮ ಕಾರ್ಯಕ್ರಮ ಶುರುವಾಯಿತು. ಯಾರ ಮನೆಯಲ್ಲಿ ಸ್ಮಾರ್ಟ್ ಫೋನ್ ಇದೆ, ಯಾರ ಮನೆಯಲ್ಲಿ ಸಾದಾ ಫೋನ್, ಯಾರ ಮನೆಯಲ್ಲಿ ಏನೂ ಇಲ್ಲ ಅಂತ ಪಟ್ಟಿ ಮಾಡಬೇಕಿತ್ತು. ನನ್ನ ತರಗತಿಯ 31 ಮಕ್ಕಳಲ್ಲಿ ಹಗಲು ಹೊತ್ತು ಕೈಗೆ ಫೋನ್ ಸಿಗುತ್ತಿದ್ದದ್ದು 4 ಮಕ್ಕಳಿಗೆ. ಪಠ್ಯಪುಸ್ತಕದ ತುಂಬ, ಪಾಠದ ವಿಡಿಯೊಗಳಿರುವ ಸರ್ಕಾರದ ದೀಕ್ಷಾ ಆಪ್‌ನ ಕ್ಯೂಆರ್ ಕೋಡ್ ಇದ್ದವು, ಸ್ಕ್ಯಾನ್ ಮಾಡಲು ಫೋನ್ ಇರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಮಕ್ಕಳನ್ನು ದೂರ ದೂರ ಕೂರಿಸಿ ಲೆಕ್ಕ ಹೇಳಿಕೊಡುವಾಗ, ಇದೆಲ್ಲ ನಮ್ಮಂಥ ಊರಿಗಲ್ಲ, ಸುಮ್ನೆ ಬೇರೆಯವರಿಗೆ ಅಂತ ಮನಸ್ಸಿನಲ್ಲಿ ಗಟ್ಟಿಯಾಯಿತು.

ಆಮೇಲೆ ದಾನಿಗಳೊಬ್ಬರು ಶಾಲೆಗೆ ದೊಡ್ಡ ಟಿವಿ ಕೊಟ್ಟರು. ಸೌರಮಂಡಲ, ಹೃದಯದ ಬಡಿತ ಎಲ್ಲ ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡಿದರು. ಆಗ ನಾನು ಆ ಕಡೆಯಿಂದ ಈ ಕಡೆಗೆ ಪೂರ್ತಿ ವಾಲಿಬಿಟ್ಟೆ. ವಿಡಿಯೊ ಹಾಕಿದರೆ ಡಿಜಿಟಲ್ ಶಿಕ್ಷಣ ಆಯಿತು ಅಂತ ಮೂರು ವರ್ಷ ನಂಬಿದ್ದೆ.

ಈಗ ಅಪಾರ್ ವಿಷಯಕ್ಕೆ ಬರುತ್ತೇನೆ. ಗೊತ್ತಿಲ್ಲದವರಿಗೆ: ಇದು ವಿದ್ಯಾರ್ಥಿಗೆ ಕೊಡುವ 12 ಅಂಕಿಯ ಗುರುತಿನ ಸಂಖ್ಯೆ. ಪೂರ್ತಿ ಹೆಸರು ಆಟೋಮೇಟೆಡ್ ಪರ್ಮನೆಂಟ್ ಅಕಾಡೆಮಿಕ್ ಅಕೌಂಟ್ ರಿಜಿಸ್ಟ್ರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಭಾಗವಾಗಿ ಬಂದದ್ದು. ಮಗುವಿನ ಅಂಕಪಟ್ಟಿ, ಪ್ರಮಾಣಪತ್ರಗಳೆಲ್ಲ ಡಿಜಿಲಾಕರ್‌ನಲ್ಲಿ (ದಾಖಲೆ ಇಡುವ ಸರ್ಕಾರದ ಆಪ್) ಒಂದೇ ಸಂಖ್ಯೆಗೆ ಜೋಡಣೆ ಆಗಬೇಕು ಅನ್ನುವುದು ಉದ್ದೇಶ. ಶಾಲೆಯವರು ಯು-ಡೈಸ್ ಪ್ಲಸ್ ಪೋರ್ಟಲ್‌ನಲ್ಲಿ ಮಾಡುತ್ತಾರೆ. ಮಗು ಅಪ್ರಾಪ್ತ ಆದ್ದರಿಂದ ತಂದೆ ಅಥವಾ ತಾಯಿಯ ಸಮ್ಮತಿ ಪತ್ರ ಬೇಕೇ ಬೇಕು. ಆಧಾರ್‌ನಲ್ಲಿರುವ ಹೆಸರು, ಜನ್ಮ ದಿನಾಂಕ, ಲಿಂಗ ಮೂರೂ ಶಾಲೆಯ ದಾಖಲೆಗೆ ಹೊಂದಬೇಕು. ಹೊಂದದಿದ್ದರೆ ಐಡಿ ಬರುವುದಿಲ್ಲ. ಹೇಳುವುದಕ್ಕೆ ಇಷ್ಟೇ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ನಾವು ಶಿಕ್ಷಕರೆಲ್ಲ ರಾಜ್ಯ ಸರ್ಕಾರದ ಜಾತಿ ಸಮೀಕ್ಷೆಯಲ್ಲಿದ್ದೆವು. ಮೊಬೈಲ್ ಆಪ್, 60 ಪ್ರಶ್ನೆ, ಮನೆ ಮನೆ ತಿರುಗಾಟ. ಅದೇ ಹೊತ್ತಿಗೆ ಭೀಮಾ ಉಕ್ಕಿ ಬಂದು ದಂಡೆಯ ಹೊಲಗಳೆಲ್ಲ ನೀರಲ್ಲಿ ನಿಂತಿದ್ದವು. ಕೆಲವು ಮನೆಗಳಲ್ಲಿ ಟ್ರಂಕಿನೊಳಗಿದ್ದ ಕಾಗದಪತ್ರ ತೊಯ್ದು ಹಿಟ್ಟಾಗಿದ್ದವು. ಆ ತೊಯ್ದ ಕಾಗದಗಳು ಮುಂದೆ ನಮಗೆ ಎಷ್ಟು ಕಾಡುತ್ತವೆ ಅಂತ ಆಗ ಹೊಳೆಯಲಿಲ್ಲ.

ನವೆಂಬರ್‌ನಲ್ಲಿ ಪೋಷಕರ ಸಭೆ ಕರೆದೆವು. ಸಮ್ಮತಿ ಪತ್ರ ಝೆರಾಕ್ಸ್ ಮಾಡಿಸಿ ಜೋಡಿಸಿ ಇಟ್ಟಿದ್ದೆ. ಒಬ್ಬೊಬ್ಬರೇ ಬಂದು ಸೈನ್ ಮಾಡುತ್ತಿದ್ದರು, ಬರೆಯಲು ಬರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಅರ್ಧ ಗಂಟೆಯಲ್ಲಿ 20 ಮುಗಿಯಿತು. ಆಗ ಒಬ್ಬ ತಾಯಿ ಬಂದು ಪೆನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

“ಸರ, ಸೈನ್ ಮಾಡ್ತೀನ್ರಿ. ಆದ್ರ ಇದ್ರಾಗ ಏನ್ ಬರ್ದದ, ಒಂದ್ಸಲ ಓದಿ ಹೇಳ್ರಿ.”

“ಮಗಳಿಗೆ ಒಂದು ನಂಬರ್ ಬರ್ತದ ಅಕ್ಕಾ. ಎಲ್ಲಾರಿಗೂ ಮಾಡ್ಸಾಕತ್ತೀವಿ” ಅಂದೆ.

“ಅದು ತಿಳೀತ್ರಿ. ಮಾಡ್ಸಿದ್ರ ಏನ್ ಆಗ್ತದ? ಮಾಡ್ಸಲಿಲ್ಲಂದ್ರ ಏನ್ ಆಗ್ತದ?”

ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನಾನೇ ಆ ಪತ್ರವನ್ನು ಪೂರ್ತಿ ಓದಿರಲಿಲ್ಲ. 20 ಜನರ ಸೈನ್ ತಗೊಂಡಾಗಿತ್ತು. ಅಲ್ಲೇ ಕೂತು ಜೋರಾಗಿ ಓದಿದೆ. ಯಾವ ಮಾಹಿತಿಯನ್ನು ಯಾವುದಕ್ಕೆ ಬಳಸುತ್ತಾರೆ, ಸಮ್ಮತಿ ಆಮೇಲೆ ವಾಪಸ್ ಪಡೆಯಬಹುದು ಅಂತ ಅದರಲ್ಲಿ ಬರೆದಿತ್ತು. ಸಮ್ಮತಿ ಅಂದ ಮೇಲೆ ಕೊಡದೆ ಇರುವ ಹಕ್ಕೂ ಇರುತ್ತದೆ ಅಲ್ವಾ? ಓದಿ ಮುಗಿಸಿದ ಮೇಲೆ ಆ ತಾಯಿ ಸೈನ್ ಮಾಡಿದರು. ಅಷ್ಟೊತ್ತಿಗೆ ಹೊರಗೆ ನಿಂತಿದ್ದವರೂ ಒಳಗೆ ಬಂದು ಕೇಳುತ್ತಿದ್ದರು. ಮೊದಲೇ ಸೈನ್ ಮಾಡಿದ್ದ 20 ಜನರಿಗೆ ಮರುದಿನ ಮತ್ತೆ ಓದಿ ಹೇಳಿದೆ. ಒಬ್ಬ ತಂದೆ, ಊರಲ್ಲಿ ಬಟ್ಟೆ ಹೊಲಿಯುವವರು, ತಮ್ಮ ಪತ್ರ ವಾಪಸ್ ಕೇಳಿದರು. “ಮಗ ಹತ್ತನೇತ್ತಕ್ಕ ಬರ್ಲಿ ಸರ, ಆಗ ನೋಡೋಣು” ಅಂದರು. ಕೊಟ್ಟೆ. ನೂರಕ್ಕೆ ನೂರು ಆಗಲಿ ಅಂತ ಮೇಲಿನಿಂದ ವಾಟ್ಸಾಪ್‌ನಲ್ಲಿ ದಿನಾ ಸಂದೇಶ ಬರುತ್ತಿದ್ದ ಕಾಲ ಅದು. ಹಿಂದಿನ ವರ್ಷವಾಗಿದ್ದರೆ ನಾನು ಅವರನ್ನು ಒತ್ತಾಯ ಮಾಡಿ ಒಪ್ಪಿಸುತ್ತಿದ್ದೆ, ಅದು ನನಗೆ ಚೆನ್ನಾಗಿ ಗೊತ್ತು.

42 ಮಕ್ಕಳ ಮಾಹಿತಿ ಹಾಕಲು ಕೂತೆ. ಹಗಲು ಪೋರ್ಟಲ್ ತಿರುಗುತ್ತಲೇ ಇರುತ್ತಿತ್ತು. ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ರಾತ್ರಿ 10ರ ಮೇಲೆ ಅಥವಾ ಬೆಳಿಗ್ಗೆ 5ಕ್ಕೆ ಮನೆಯಿಂದ ಕೂತರೆ ಕೆಲಸ ಬೇಗ ಆಗುತ್ತದೆ, ಇದು ಶಿಕ್ಷಕರು ಬರೆದಿಟ್ಟುಕೊಳ್ಳಬೇಕಾದ ಮಾತು. ಮೊದಲ ಸುತ್ತಿನಲ್ಲಿ 24 ಮಕ್ಕಳದ್ದು ಆಯಿತು. 18 ಆಗಲಿಲ್ಲ. 9 ಮಕ್ಕಳದ್ದು ಹೆಸರು ಹೊಂದಲಿಲ್ಲ, 6 ಮಕ್ಕಳದ್ದು ಜನ್ಮ ದಿನಾಂಕ, ಒಬ್ಬ ಹುಡುಗನ ಆಧಾರ್‌ನಲ್ಲಿ ಹೆಣ್ಣು ಅಂತ ಇತ್ತು, ಇಬ್ಬರಿಗೆ ಆಧಾರ್ ಕಾರ್ಡೇ ಇರಲಿಲ್ಲ.

ಹೆಸರಿನ ತೊಂದರೆ ನಮ್ಮ ಕಡೆ ಹೇಗೆ ಬರುತ್ತದೆ ನೋಡಿ. ಭೀಮರಾಯ ಅನ್ನುವ ಹೆಸರನ್ನೇ ತಗೊಳ್ಳಿ. ಇಂಗ್ಲಿಷಿನಲ್ಲಿ ಒಂದು ಕಡೆ ಬಿ-ಎಚ್-ಐ, ಇನ್ನೊಂದು ಕಡೆ ಬಿ-ಎಚ್-ಇ-ಇ. ಶರಣಪ್ಪನಿಗೆ ಒಂದು ಕಡೆ ಎ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಪುಣೆಯಲ್ಲಿ ಆಧಾರ್ ಮಾಡಿಸಿದ ಮಕ್ಕಳ ಕಾರ್ಡಿನಲ್ಲಿ ಮರಾಠಿ ಇರುತ್ತದೆ, ಹೆಸರಿನ ನಡುವೆ ತಂದೆಯ ಹೆಸರು ಸೇರಿರುತ್ತದೆ. ಕನ್ನಡದಲ್ಲಿ ಒಂದೇ ಹೆಸರು, ಇಂಗ್ಲಿಷಿಗೆ ಹೋದಾಗ ಮೂರು ಆಗುತ್ತದೆ.

ಇಲ್ಲಿ ಒಂದು ಮಾತು. ತಕ್ಷಣ ಆಧಾರ್ ಕೇಂದ್ರಕ್ಕೆ ಓಡಬೇಡಿ. ತಪ್ಪು ಯಾವ ಕಡೆ ಇದೆ ಅಂತ ಮೊದಲು ನೋಡಿ. 9ರಲ್ಲಿ 4 ಮಕ್ಕಳ ಆಧಾರ್ ಸರಿಯಾಗಿತ್ತು, ಪೋರ್ಟಲ್‌ನಲ್ಲಿ ನಾವು ಹಾಕಿದ ಅಕ್ಷರ ತಪ್ಪಾಗಿತ್ತು. ಅದನ್ನು ಶಾಲೆಯ ಮಟ್ಟದಲ್ಲೇ ಸರಿಮಾಡಿದೆವು, ಮಕ್ಕಳು ಎಲ್ಲಿಗೂ ಹೋಗಬೇಕಾಗಲಿಲ್ಲ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮ ದಿನಾಂಕಕ್ಕೆ ಒಂದೇ. ಅದನ್ನು ಸುಮ್ಮನೆ ಕಳೆದುಕೊಳ್ಳಬಾರದು.

ಜನ್ಮ ದಿನಾಂಕದ ಕಥೆ ನನ್ನನ್ನು ತುಂಬ ನೋಯಿಸಿತು. 6ರಲ್ಲಿ 4 ಮಕ್ಕಳ ಆಧಾರ್‌ನಲ್ಲಿ ಜನವರಿ 1 ಅಂತ ಇತ್ತು. ಹುಟ್ಟಿದ ವರ್ಷ ಮಾತ್ರ ಹೇಳಿದಾಗ ಆ ತಾರೀಕು ಬೀಳುತ್ತದೆ. ಉಳಿದ ಇಬ್ಬರ ಆಧಾರ್ ಸರಿಯಾಗಿತ್ತು, ಶಾಲೆಯ ದಾಖಲಾತಿ ವಹಿಯಲ್ಲಿ ಜೂನ್ 1 ಇತ್ತು. ವಹಿ ತೆಗೆದು ನೋಡಿದರೆ ಅಕ್ಷರ ನನ್ನದೇ. ಒಂದನೇ ತರಗತಿಗೆ ಸೇರಿಸುವಾಗ ಅಜ್ಜಿ “ಮಳಿ ಬೀಳೂ ಹೊತ್ತಿನ್ಯಾಗ ಹುಟ್ಟ್ಯಾನ್ರಿ” ಅಂದಿದ್ದಕ್ಕೆ ನಾನು ಜೂನ್ 1 ಅಂತ ಬರೆದು ಮುಗಿಸಿದ್ದೆ. ತಾಯಿ ಪುಣೆಯಿಂದ ಬರಲಿ, ಕಾಗದ ತರಲಿ ಅಂತ ಒಂದು ವಾರ ಕಾಯಬಹುದಿತ್ತು. ವಹಿಯಲ್ಲಿರುವುದನ್ನು ನಾವು ಶಾಲೆಯಲ್ಲಿ ಕೂತು ತಿದ್ದುವ ಹಾಗಿಲ್ಲ. ಜನನ ಪ್ರಮಾಣಪತ್ರ, ಪೋಷಕರ ಅರ್ಜಿ, ಮುಖ್ಯ ಗುರುಗಳ ಪತ್ರ ಎಲ್ಲ ಸೇರಿಸಿ ಮೇಲಿನ ಕಚೇರಿಗೆ ಕಳಿಸಬೇಕು. ಆ ಎರಡು ಕಡತಕ್ಕೆ 50 ದಿನ ಹಿಡಿಯಿತು. ಆ ಇಬ್ಬರು ಹುಡುಗರ ತಂದೆ ತಾಯಿಗೆ ಇದು ನನ್ನ ತಪ್ಪು ಅಂತ ಹೇಳಿದೆ. ಅವರು ಏನೂ ಅನ್ನಲಿಲ್ಲ. ಈಗ ಒಂದನೇ ತರಗತಿ ದಾಖಲಾತಿಗೆ ಯಾರೇ ಬಂದರೂ ಜನನ ಪ್ರಮಾಣಪತ್ರ ನೋಡದೆ ನಾನು ಪೆನ್ನು ಮುಟ್ಟುವುದಿಲ್ಲ.

ಡಿಸೆಂಬರ್‌ನಲ್ಲಿ 12 ಮಕ್ಕಳನ್ನು ತಾಲೂಕಿನ ಒಂದು ಆಧಾರ್ ಕೇಂದ್ರಕ್ಕೆ ಕಳಿಸಬೇಕಿತ್ತು. ಹತ್ತಿ ಬಿಡಿಸುವ ಕಾಲ. ತಾಯಂದಿರಿಗೆ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ, ಆದರೆ ಒಂದು ದಿನದ ಕೂಲಿ ಹೋಗುತ್ತದೆ. ಮೊದಲ ದಿನ 5 ಮಕ್ಕಳು, 5 ತಾಯಂದಿರು, ಜೊತೆಗೆ ನಾನು. ಬೆಳಿಗ್ಗೆ 8ಕ್ಕೇ ಹೋದರೂ ಟೋಕನ್ ಮುಗಿದಿತ್ತು. ದಿನಕ್ಕೆ ಇಷ್ಟೇ ಅಂತ ಕೊಡುತ್ತಾರೆ, ಜನ 6ಕ್ಕೇ ಬಂದು ಚಪ್ಪಲಿ ಸಾಲಿಟ್ಟು ಕೂತಿರುತ್ತಾರೆ. ವಾಪಸ್ ಬಂದೆವು. ಎರಡನೇ ದಿನ ಟೋಕನ್ ಸಿಕ್ಕಿತು, ಆದರೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟಿದ್ದ ದೃಢೀಕರಣ ನಡೆಯಲಿಲ್ಲ. ಆಧಾರ್‌ನವರದ್ದೇ ಒಂದು ನಮೂನೆ ಇದೆ, ಫೋಟೊ ಅಂಟಿಸಿ, ಫೋಟೊ ಮೇಲೆ ಬರುವ ಹಾಗೆ ಸೀಲು ಹಾಕಿ ತರಬೇಕು ಅಂದರು. ಮತ್ತೆ ಒಂದು ದಿನ ಹೋಯಿತು. ಒಬ್ಬ ತಾಯಿ ಬಸ್ಸಿನಲ್ಲಿ ಮುಖ ತಿರುಗಿಸಿ ಕಿಟಕಿ ಕಡೆ ನೋಡುತ್ತ ಕೂತರು. ಎರಡು ದಿನದ ಕೂಲಿ ಅವರದ್ದು, 600 ರೂಪಾಯಿ. ನಾನು ಏನು ಹೇಳಲಿ?

ಆದ್ದರಿಂದ ದಯವಿಟ್ಟು, ಹೋಗುವ ಮುಂಚೆ ಒಬ್ಬರೇ ಹೋಗಿ ಅಥವಾ ಫೋನ್ ಮಾಡಿ ಏನೇನು ಬೇಕು ಅಂತ ಕೇಳಿಕೊಂಡು ಬನ್ನಿ. ಆಧಾರ್ ಸಹಾಯವಾಣಿ 1947, ಕನ್ನಡದಲ್ಲೂ ಮಾತಾಡುತ್ತಾರೆ. ಶುಲ್ಕ 2025ರ ಅಕ್ಟೋಬರ್ 1ರಿಂದ ಬದಲಾಗಿದೆ. ಹೆಸರು, ವಿಳಾಸ ತಿದ್ದಲು 75 ರೂಪಾಯಿ. 7ರಿಂದ 15 ವರ್ಷದ ಮಕ್ಕಳ ಬೆರಳಚ್ಚು, ಕಣ್ಣಿನ ಸ್ಕ್ಯಾನ್ ನವೀಕರಣ 2026ರ ಸೆಪ್ಟೆಂಬರ್ 30ರವರೆಗೆ ಉಚಿತ. 5ರಿಂದ 7 ಮತ್ತು 15ರಿಂದ 17ರ ವಯಸ್ಸಿನಲ್ಲಿ ಅದು ಹೇಗೂ ಉಚಿತ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರಿಗೆ 5 ವರ್ಷಕ್ಕೆ ಆಗಬೇಕಿದ್ದ ನವೀಕರಣವೇ ಆಗಿರಲಿಲ್ಲ. ಬೆರಳಚ್ಚಿನ ಜೊತೆಗೇ ಹೆಸರನ್ನೂ ತಿದ್ದಿಸಿದರೆ ಹೆಸರಿಗೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಹೊಸದಾಗಿ ಆಧಾರ್ ಮಾಡಿಸುವುದಕ್ಕೂ ದುಡ್ಡಿಲ್ಲ. ಯಾರಾದರೂ ಜಾಸ್ತಿ ಕೇಳಿದರೆ ರಸೀದಿ ಕೇಳಿ.

ಮೂರನೇ ಸಲ ಹೋದ ದಿನವನ್ನು ನಾನು ಮರೆಯುವುದಿಲ್ಲ. ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಆ ತಾಯಿಯ ಮಗಳ ಸರದಿ. ಹೆಸರು ‘ಮ್ಮ’ ಅಂತ ಮುಗಿಯುತ್ತದೆ, ಆಧಾರ್‌ನಲ್ಲಿ ಒಂದೇ ‘ಎಂ’ ಇತ್ತು. ಹುಡುಗಿ ಬೆರಳಿಟ್ಟರೆ ಯಂತ್ರ ತಗೊಳ್ಳಲಿಲ್ಲ. ರಜೆಯಲ್ಲಿ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗಿದ್ದಳು, ಹತ್ತಿಕಾಯಿಯ ತುದಿ ಚುಚ್ಚಿ ಬೆರಳ ತುದಿಗಳೆಲ್ಲ ಗೀರು ಗೀರು. ತಾಯಿ ಸೆರಗನ್ನು ಬಾಟಲಿ ನೀರಲ್ಲಿ ಅದ್ದಿ ಒಂದೊಂದೇ ಬೆರಳು ಒರೆಸಿದರು. ನಾಲ್ಕು ಬೆರಳು ಒಟ್ಟಿಗೆ ಒತ್ತಿ ಹಿಡಿದಳು. ಆಗಲಿಲ್ಲ. ಮತ್ತೆ ಒರೆಸಿದರು. ಐದನೇ ಸಲಕ್ಕೆ ಯಂತ್ರ ತಗೊಂಡಿತು.

ಈ ಕೇಂದ್ರಗಳಲ್ಲಿ ನಮ್ಮ ಕಡೆಗೆ ಮುಖ ಮಾಡಿ ಇನ್ನೊಂದು ಸ್ಕ್ರೀನ್ ಇಟ್ಟಿರುತ್ತಾರೆ. ಅವರು ಟೈಪ್ ಮಾಡಿದ್ದು ನಮಗೂ ಕಾಣಲಿ ಅಂತಲೇ ಅದು ಇರುವುದು. ನಾನು ಅದನ್ನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ, ನಾಲ್ಕು ಮಕ್ಕಳದ್ದು ಮುಗಿದಿದ್ದರೂ. ಹುಡುಗಿ ಸ್ಕ್ರೀನ್ ಕಡೆ ಬಗ್ಗಿ, ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಮೆಲ್ಲಗೆ,

“ಸರ, ಮತ್ತ ಒಂದು ಎಂ ಬಿಟ್ಟಾರ್ರಿ.”

ಟೈಪ್ ಮಾಡುತ್ತಿದ್ದವರು ನೋಡಿ ಸರಿಮಾಡಿದರು. ಅವರನ್ನು ದೂರಲು ಮನಸ್ಸಿಲ್ಲ, ಬೆಳಿಗ್ಗೆಯಿಂದ ತಲೆ ಎತ್ತದೆ ಕೂತಿದ್ದರು. ಆದರೆ ಆ ಹುಡುಗಿ ಓದದೆ ಇದ್ದಿದ್ದರೆ ಎರಡು ಅವಕಾಶದಲ್ಲಿ ಒಂದು ಅವತ್ತೇ ಹೋಗುತ್ತಿತ್ತು. ನನ್ನ ತರಗತಿಯ ಮಕ್ಕಳು ಫೋನ್ ಸಿಕ್ಕರೆ ರೀಲ್ಸ್ ನೋಡಬಲ್ಲರು, ವಿಡಿಯೊ ಹುಡುಕಬಲ್ಲರು. ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯಬಲ್ಲವರು, ಸ್ಕ್ರೀನಿನಲ್ಲಿರುವುದು ತಪ್ಪು ಅಂತ ದೊಡ್ಡವರ ಮುಂದೆ ಬಾಯಿಬಿಟ್ಟು ಹೇಳಬಲ್ಲವರು ಎಷ್ಟು ಜನ? ಮೂರು ವರ್ಷ ಟಿವಿ ಹಾಕಿ ಸೌರಮಂಡಲ ತೋರಿಸಿದ್ದೆ. ಇದನ್ನು ಒಂದು ದಿನವೂ ಕಲಿಸಿರಲಿಲ್ಲ.

ಜನವರಿಯಲ್ಲಿ ಸಂಕ್ರಾಂತಿ, ಮೈಲಾಪುರದ ಜಾತ್ರೆ, ಒಂದು ವಾರ ತರಗತಿಯಲ್ಲಿ ಅರ್ಧ ಮಕ್ಕಳೇ ಇರಲಿಲ್ಲ. ಆಧಾರ್ ತಿದ್ದುಪಡಿ ಆಗಿದೆಯಾ ಅಂತ ರಸೀದಿಯಲ್ಲಿರುವ ಸಂಖ್ಯೆ ಹಾಕಿ ದಿನಾ ನೋಡುತ್ತಿದ್ದೆ. ಆ ರಸೀದಿ ಕಳೆಯಬೇಡಿ. ನಾನು ಎಲ್ಲರದ್ದೂ ಫೋಟೊ ತೆಗೆದು ಇಟ್ಟುಕೊಂಡಿದ್ದೆ, ಇಬ್ಬರು ಕಳೆದೇಬಿಟ್ಟಿದ್ದರು. ಕೆಲವರದ್ದು 10 ದಿನಕ್ಕೆ ಆಯಿತು, ಕೆಲವರದ್ದು ತಿಂಗಳು.

ಒಬ್ಬ ಹುಡುಗನ ಆಧಾರ್ ಡೌನ್‌ಲೋಡ್ ಮಾಡಬೇಕಿತ್ತು. ಓಟಿಪಿ ಹೋಗುವುದು ತಂದೆಯ ನಂಬರಿಗೆ. ತಂದೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿ. ಫೋನ್ ಮಾಡಿ, ನಿಮ್ಮ ಫೋನಿಗೆ ಒಂದು ನಂಬರ್ ಬರುತ್ತದೆ, ಹೇಳಿ ಅಂದೆ.

“ಹೇಳಂಗಿಲ್ರಿ” ಅಂದ. “ನೀವು ಖರೇನೇ ಸಾಲಿ ಸರ ಅದೀರಿ ಅಂತ ನನಗ ಹೆಂಗ್ ಗೊತ್ತಾಗ್ಬೇಕು? ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ಫೋನ್ ಹಚ್ಚಿದ್ರ ಸಾಕು, ಅದ್ರಾಗೇ ಹೇಳ್ತಾರ.”

ಮೊದಲು ಸಿಟ್ಟು ಬಂತು. ನಾಲ್ಕನೇ ಸಲ ಟ್ಯಾಂಕಿನ ಹತ್ತಿರ ಬಿಸಿಲಲ್ಲಿ ನಿಂತು ಫೋನ್ ಹಚ್ಚಿದ್ದೆ. ಫೋನ್ ಇಟ್ಟ ಮೇಲೆ ಯೋಚನೆ ಮಾಡಿದರೆ, ಅವನು ಮಾಡಿದ್ದು ನೂರಕ್ಕೆ ನೂರು ಸರಿ. ನಾನು, ಒಬ್ಬ ಶಿಕ್ಷಕ, ಒಬ್ಬ ತಂದೆಗೆ ಓಟಿಪಿ ಹೇಳು ಅಂತ ಕಲಿಸುತ್ತಿದ್ದೆ. ನಾಳೆ ಕಳ್ಳನೊಬ್ಬ “ನಿಮ್ಮ ಮಗನ ಸಾಲಿಯಿಂದ” ಅಂತ ಫೋನ್ ಮಾಡಿದರೆ? ಸಂಜೆ ಹುಡುಗನ ಕೈಯಿಂದಲೇ ಫೋನ್ ಮಾಡಿಸಿದೆ. ಓಟಿಪಿ ಬೇಡ, ನೀವೇ ಡೌನ್‌ಲೋಡ್ ಮಾಡಿ ಕಳಿಸಿ ಅಂದೆ. ಜೊತೆಗಿದ್ದ ಹುಡುಗನೊಬ್ಬನ ಸಹಾಯದಿಂದ ರಾತ್ರಿ ಪಿಡಿಎಫ್ ವಾಟ್ಸಾಪ್‌ಗೆ ಬಂತು. ಅದು ತೆರೆಯಲು ಪಾಸ್‌ವರ್ಡ್ ಬೇಕು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಆಮೇಲೆ ಹುಟ್ಟಿದ ವರ್ಷ. ಮಗನೇ ಟೈಪ್ ಮಾಡಿ ತೆರೆದ.

ಅದಾದ ಮೇಲೆ ನಾನು ಯಾವ ಪೋಷಕರ ಹತ್ತಿರವೂ ಫೋನಿನಲ್ಲಿ ಓಟಿಪಿ ಕೇಳಲಿಲ್ಲ. ಕೆಲಸ ತಡವಾಯಿತು, ಆಗಲಿ ಬಿಡಿ. ಶನಿವಾರ ಒಂದು ಪೀರಿಯಡ್ ಟಿವಿ ಹಾಕದೆ ಕೂರುತ್ತೇವೆ. ಮಕ್ಕಳು ತಮ್ಮ ಹೆಸರು, ತಂದೆ ತಾಯಿಯ ಹೆಸರು ಇಂಗ್ಲಿಷಿನಲ್ಲಿ ಬರೆದು ಆಧಾರ್ ಜೊತೆ ಹೋಲಿಸುತ್ತಾರೆ. ಮನೆಗೆ ಬಂದ ಬ್ಯಾಂಕಿನ ಚೀಟಿ, ಫೋನಿಗೆ ಬಂದ ಮೆಸೇಜು ಬರೆದುಕೊಂಡು ಬರುತ್ತಾರೆ. ಇದು ಯಾರು ಕಳಿಸಿದ್ದು, ಏನು ಕೇಳುತ್ತಿದ್ದಾರೆ, ಕೊಡದಿದ್ದರೆ ಏನಾಗುತ್ತದೆ ಅಂತ ಓದುತ್ತೇವೆ. ಆ ತಾಯಿ ನನಗೆ ಕೇಳಿದ ಪ್ರಶ್ನೆಗಳೇ. ಫೋನಿನ ಮೋಸದಲ್ಲಿ ದುಡ್ಡು ಕಳೆದುಕೊಂಡರೆ ತಕ್ಷಣ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ಈಗ ತರಗತಿಯ ಎಲ್ಲ ಮಕ್ಕಳಿಗೂ ಗೊತ್ತು. ಇದಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ, ಕರೆಂಟೂ ಬೇಕಾಗಲಿಲ್ಲ.

ಒಟ್ಟು ಖರ್ಚು ಹೇಳಿಬಿಡುತ್ತೇನೆ. ಝೆರಾಕ್ಸ್, ಫೋಟೊ, ನನ್ನ ಓಡಾಟ, ಎರಡು ಸಲದ ಡೇಟಾ ರಿಚಾರ್ಜ್ ಸೇರಿ ನನ್ನ ಕೈಯಿಂದ 2,300 ರೂಪಾಯಿ. ತಾಯಂದಿರ ಕೂಲಿ ಇದಕ್ಕಿಂತ ಎಷ್ಟೋ ಜಾಸ್ತಿ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಶಾಲೆಗೇ ಆಧಾರ್ ಕಿಟ್ ತಂದು ಎರಡು ದಿನ ಶಿಬಿರ ಮಾಡಿದ್ದರೆ ಇಷ್ಟೂ ಉಳಿಯುತ್ತಿತ್ತು. ಮುಂದಿನ ವರ್ಷಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕಡೆಯಿಂದ ಈಗಲೇ ಅರ್ಜಿ ಕೊಟ್ಟಿದ್ದೇವೆ. ನಿಮ್ಮ ಊರಲ್ಲೂ ಜೂನ್‌ನಲ್ಲೇ ಕೇಳಿ, ಹತ್ತಿ ಬಿಡಿಸುವ ಕಾಲದವರೆಗೆ ಕಾಯಬೇಡಿ.

ಉಳಿದ ಮೂವರು. ಒಬ್ಬ ಆ ಟೇಲರ್ ಅವರ ಮಗ, ತಂದೆ ಬೇಡ ಅಂದಿದ್ದಾರೆ, ಹಾಗೇ ಬರೆದು ಕಡತದಲ್ಲಿಟ್ಟಿದ್ದೇನೆ. ಇನ್ನೊಬ್ಬಳು ಆಧಾರ್ ಇಲ್ಲದವಳು, ಜನವರಿಯಲ್ಲಿ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಹೋದಳು, ಅಲ್ಲಿ ಹತ್ತಿರದ ಶಾಲೆಗೆ ಸೇರಿಸಿ ಅಂತ ಮೂರು ಸಲ ಫೋನ್ ಮಾಡಿದ್ದೇನೆ. ಮೂರನೆಯವನದ್ದು ಆಧಾರ್‌ನಲ್ಲಿ ಜನವರಿ 1, ಅದನ್ನು ತಿದ್ದಿಸಲು ಜನನ ಪ್ರಮಾಣಪತ್ರ ಬೇಕು. ಮನೆಯಲ್ಲಿದ್ದದ್ದು ಹೊಳೆ ಬಂದಾಗ ತೊಯ್ದು ಹೋಗಿದೆ. ಹುಟ್ಟಿದ್ದು ಪುಣೆಯಲ್ಲಿ, ನಕಲು ಅಲ್ಲಿಂದಲೇ ತರಬೇಕು. ಜನನ ನೋಂದಣಿ ಆಗಿರುವುದರಿಂದ ನಕಲು ಸಿಗುತ್ತದೆ. ನೋಂದಣಿಯೇ ಆಗದೆ ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತಿತ್ತು. ಯಾವ ಆಸ್ಪತ್ರೆ, ಯಾವ ತಾರೀಕು, ತಾಯಿಯ ಹೆಸರಿನ ಇಂಗ್ಲಿಷ್ ಅಕ್ಷರ ಎಲ್ಲ ಹುಡುಗನೇ ಒಂದು ಹಾಳೆಯಲ್ಲಿ ಬರೆದ. ಅದರ ಫೋಟೊ ಅಪ್ಪನಿಗೆ ಕಳಿಸಿದ್ದೇವೆ. ಮಾರ್ಚ್ 19ಕ್ಕೆ ಯುಗಾದಿ, ಊರಿಗೆ ಬರುವಾಗ ತರುತ್ತೇನೆ ಅಂದಿದ್ದಾರೆ.